ಎಡಗಾಲಿನ ಅಳತೆ

ನಮ್ಮ ಕಡೆ ಚಪ್ಪಲಿ ತರುವುದಕ್ಕೆ ಕಾಲೇ ಹೋಗಬೇಕೆಂದಿಲ್ಲ, ಕಡ್ಡಿ ಹೋದರೂ ಸಾಕು. ಮನೆಯಲ್ಲಿ ಉಳಿಯುವವರು ಕಸಬರಿಗೆಯಿಂದ ಒಂದು ಕಡ್ಡಿ ಹಿರಿದು ನೆಲದ ಮೇಲಿಟ್ಟು, ಅದರ ಮೇಲೆ ಪಾದ ಊರಿ, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿಯುತ್ತಾರೆ. ಸಂತೆಗೆ ಹೋಗುವವರು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋಗುತ್ತಾರೆ. ಅಂಗಡಿಯವನು ನಂಬರು ಕೇಳುವುದಿಲ್ಲ. ಕಡ್ಡಿಯನ್ನು ಚಪ್ಪಲಿಯ ಮೇಲಿಟ್ಟು ನೋಡಿ, "ಬರ್ತೈತಿ, ಒಯ್ರಿ" ಅನ್ನುತ್ತಾನೆ. ಬಳೆಗೆ ಹಳೆಯ ಬಳೆ, ಜಂಪರಿಗೆ ಹಳೆಯ ಜಂಪರು, ಕಾಲಿಗೆ ಕಡ್ಡಿ. ನಾನು ಹುಟ್ಟಿದ ಇರಕಲ್ಲಗಡದಲ್ಲೂ ಹೀಗೆಯೇ, ಕೊಟ್ಟ ಊರು ಗಂಗಾವತಿಯಲ್ಲೂ ಹೀಗೆಯೇ.

ನನ್ನ ತಮ್ಮನಿಗೆ ಮಾತ್ರ ಒಂದು ಕಡ್ಡಿ ಸಾಲುವುದಿಲ್ಲ. ಕೂಸಿದ್ದಾಗ ಅವನ ಎಡಗಾಲಿಗೆ ಪೋಲಿಯೊ ಆಗಿತ್ತು. ಆ ಕಾಲು ತೆಳ್ಳಗೆ ಉಳಿಯಿತು, ಪಾದವೂ ಜೊತೆಗೆ ಬೆಳೆಯಲಿಲ್ಲ. ಬಲಗಾಲು ಗಂಡಸಿನದಾಯಿತು, ಎಡಗಾಲು ಶಾಲೆಯ ಹುಡುಗನದಾಗಿಯೇ ನಿಂತಿತು. ಅಂಗಡಿಯವರು ಜೋಡಿ ಮುರಿದು ಕೊಡುವುದಿಲ್ಲ. ಹಾಗಾಗಿ ಅವನು ಯಾವಾಗಲೂ ಬಲಗಾಲಿನ ಅಳತೆಯ ರಬ್ಬರು ಚಪ್ಪಲಿ ತಂದು, ಎಡಗಾಲಿನದಕ್ಕೆ ಹಿಮ್ಮಡಿಯ ಹಿಂದಿನಿಂದ ಲಾಡಿ ಕಟ್ಟಿಕೊಳ್ಳುತ್ತಿದ್ದ.

ಆ ಎಡ ಪಾದವನ್ನು ನನ್ನಷ್ಟು ಬಲ್ಲವರು ಈ ಭೂಮಿಯ ಮೇಲೆ ಇರಲಿಲ್ಲ. ಹತ್ತೊಂಬತ್ತುನೂರ ತೊಂಬತ್ತೇಳರಲ್ಲಿ ಅವನನ್ನು ಶಾಲೆಗೆ ಹಾಕಿದರು. ನಾನಾಗ ನಾಲ್ಕನೆಯ ತರಗತಿಯಲ್ಲಿದ್ದೆ. ಅಪ್ಪ ಅವ್ವ ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗುತ್ತಿದ್ದರು, ಹೀಗಾಗಿ ಅವನನ್ನು ಹೊತ್ತು ಒಯ್ಯುವವಳು ನಾನೇ. ಅವನನ್ನು ಬಗಲಲ್ಲಿ ಎತ್ತಿಕೊಂಡರೆ ಆ ಸಣ್ಣ ಪಾದ ನನ್ನ ಹೊಟ್ಟೆಯ ಹತ್ತಿರ ತೂಗಾಡುತ್ತಿತ್ತು. ಅದು ಬೇಸಿಗೆಯಲ್ಲೂ ತಣ್ಣಗೆ. ಚಳಿಯ ದಿನಗಳಲ್ಲಿ ನಾನು ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ನಡೆಯುತ್ತಿದ್ದೆ. ದಾರಿಯಲ್ಲಿ ಸಿಕ್ಕವರು, "ಏನವಾ, ತಮ್ಮನ್ನ ಎಲ್ಲಿಗೆ ಮಾರಾಕ ಹೊಂಟಿ?" ಎಂದು ಕೇಳಿದರೆ ಅವನು ನನ್ನ ಕುತ್ತಿಗೆ ಬಿಗಿಯಾಗಿ ತಬ್ಬಿಕೊಂಡು, "ನಾ ಭಾಳ ತುಟ್ಟಿ ಅದೀನಿ, ನಿಮಗ ನೀಗಂಗಿಲ್ಲ" ಅನ್ನುತ್ತಿದ್ದ.

ಪಾಠದ ಮಧ್ಯದಲ್ಲಿ ಅವನಿಗೆ ಹೊರಗೆ ಹೋಗುವುದಿದ್ದರೆ ಎತ್ತುವವರು ಬೇಕು. ಮಾಸ್ತರರು ನನ್ನನ್ನು ಅವನ ತರಗತಿಯಲ್ಲೇ ಕೂರಿಸಿದರು. ಒಂದನೆಯ ತರಗತಿಯನ್ನು ನಾನು ಎರಡು ಸಲ ಕಲಿತೆ. ನನ್ನ ಅಕ್ಷರ ಗುಂಡಗಿವೆ ಎಂದು ಯಾರಾದರೂ ಹೊಗಳಿದರೆ ಅದು ಅವನ ದೆಸೆಯಿಂದ. ಮುಂದೆ ಒಂದು ಶಿಬಿರದಲ್ಲಿ ಅವನಿಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿ ಕೊಟ್ಟರು. ಅವನಿಗೆ ಗಾಡಿ ಬಂತು, ನನಗೆ ಶಾಲೆ ಬಿಟ್ಟಿತು. ಆರನೆಯ ತರಗತಿಯಲ್ಲಿ ಅರ್ಧ ಓದಿದವಳು ನಾನು. ಇದನ್ನು ಸಂಕಟದಿಂದ ಹೇಳುತ್ತಿಲ್ಲ. ಅವನು ಓದಿದ, ಆಮೇಲೆ ಆ ಗಾಡಿಯನ್ನೂ ಬಿಟ್ಟು ಮೊಣಕಾಲ ಮೇಲೆ ಕೈಯೂರಿ ನಡೆಯುವುದನ್ನು ಕಲಿತ, ಊರಿನ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರೀಚಾರ್ಜ್ ಮತ್ತು ರಿಪೇರಿಯ ಅಂಗಡಿ ಇಟ್ಟ. ನನಗೆ ಅದೇ ಹೆಮ್ಮೆ.

ಗಂಗಾವತಿಯಲ್ಲಿ ನನ್ನ ಗಂಡನ ಮನೆಯವರದು ಗೋಣಿಚೀಲದ ವ್ಯಾಪಾರ. ಸುತ್ತ ಅಕ್ಕಿ ಗಿರಣಿಗಳು, ಒಣಹಾಕಿದ ಬಟ್ಟೆಯ ಮೇಲೆ ದಿನವೂ ಹೊಟ್ಟಿನ ಕರಿ ಬೂದಿ. ಮನೆಯವರು ಕೆಟ್ಟವರಲ್ಲ. ಆದರೆ ನನ್ನ ಮಗ ಹುಟ್ಟಿದಾಗ ಅತ್ತೆ ಅವನ ಮುಖ ನೋಡುವ ಮೊದಲು ಕಾಲು ನೋಡಿದರು. ಎರಡೂ ಪಾದಗಳನ್ನು ಜೋಡಿಸಿ ಹಿಡಿದು, "ಸಮ ಅದಾವ" ಎಂದು ಉಸಿರು ಬಿಟ್ಟರು. ಅದು ರಕ್ತದಿಂದ ಬರುವ ರೋಗವಲ್ಲ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಆವತ್ತಿನಿಂದ ಆ ಮನೆಯಲ್ಲಿ ನಾನು ತಮ್ಮನ ಕಾಲಿನ ಸುದ್ದಿ ಎತ್ತಲಿಲ್ಲ. ಯಾರಾದರೂ ಕೇಳಿದರೆ, "ಸ್ವಲ್ಪ ಎಳೀತಾನ, ಅಷ್ಟ" ಎಂದು ಮಾತು ತಿರುಗಿಸುತ್ತಿದ್ದೆ.

ನನ್ನ ಮಗ ಎರಡನೆಯ ತರಗತಿಯಲ್ಲಿದ್ದ ವರ್ಷ, ದೀಪಾವಳಿಗೆ ಮುಂಚೆ, ಹುಬ್ಬಳ್ಳಿಯ ಹೊರಗೆ ಹೈವೇ ಪಕ್ಕದಲ್ಲಿದ್ದ ಔಟ್‌ಲೆಟ್ ಮಾಲಿಗೆ ಹೋಗುವುದೆಂದು ಮನೆಯಲ್ಲಿ ಮಾತಾಯಿತು. ದೊಡ್ಡ ಕಂಪನಿಗಳ ಬಟ್ಟೆ, ಬೂಟು, ಕಳೆದ ವರ್ಷದ ಮಾಲು, ಸಣ್ಣಪುಟ್ಟ ದೋಷವಿದ್ದ ಮಾಲು, ಎಲ್ಲ ಅಲ್ಲಿ ಅಗ್ಗ. ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಒಮ್ಮೆ ಹೋಗಿ ಬಂದಿದ್ದಳು. ಅವಳೇ ನಮಗೆಲ್ಲ ಮುಂದಾಳು. ಹೋಗುವವರು ಅತ್ತೆ, ನೆಗೆಣ್ಣಿ, ಅವಳ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು. ನನ್ನ ಮಗನಿಗೆ ಪರೀಕ್ಷೆ, ಅವನು ಅಪ್ಪನ ಜೊತೆ ಉಳಿಯುವವನಿದ್ದ.

ಹಿಂದಿನ ದಿನ ತಮ್ಮನ ಫೋನು ಬಂತು.

"ಅಕ್ಕಾ, ನಾಳೆ ಹುಬ್ಬಳ್ಳಿ ಕಡೆ ಹೊಂಟೀರಂತ?"

"ಯಾರ್ ಹೇಳಿದ್ರು?"

"ಭಾವ ರೀಚಾರ್ಜ್ ಮಾಡು ಅಂತ ಫೋನ್ ಹಚ್ಚಿದ್ರು. ಕೇಳಿಲ್ಲಿ, ಆ ಮಾಲಿನ್ಯಾಗ ಜೋಡ ತಪ್ಪಿದ ಬೂಟು ಒಂದ ಡಬ್ಬ್ಯಾಗ ಸುರುವಿರ್ತಾರಂತ. ಒಂದೊಂದಾ ಮಾರ್ತಾರಂತ. ನನ್ನ ಗಿರಾಕಿ ಒಬ್ಬಾತ ಕಣ್ಣಾರೆ ನೋಡಿ ಬಂದಾನ."

ಅವನಿಗೆ ಬೂಟು ಯಾಕೆ ಬೇಕಿತ್ತೆಂದು ನನಗೆ ಗೊತ್ತಿತ್ತು. ದೀಪಾವಳಿ ಆದಮೇಲೆ ಕುಷ್ಟಗಿಗೆ ಹೆಣ್ಣು ನೋಡಲು ಹೋಗುವುದಿತ್ತು. ಅದಕ್ಕೂ ಮುಂಚೆ ನೋಡಿದ ಮನೆಗಳವರು ಒಬ್ಬರೂ ಒಪ್ಪಿರಲಿಲ್ಲ.

"ಚಪ್ಪಲಿ ಹಾಕ್ಕೊಂಡು ಹೋದ್ರ ಟಪ್ ಸರ್, ಟಪ್ ಸರ್ ಅಂತ ಮೊದ್ಲು ಸಪ್ಪಳಾನ ಒಳಗ ಹೋಗಿ ಕುಂದರತೈತಿ ಅಕ್ಕಾ" ಎಂದ ಅವನು. "ನಾ ಹಿಂದಿಂದ ಹೋಗ್ತೀನಿ. ಎಲ್ಲಾರೂ ಕಾಲಾ ನೋಡ್ತಾರ. ಬೂಟ್ ಇದ್ರ ಒಂದೀಟು ಮಾರಿ ನೋಡಿಯಾರು. ಸಣ್ಣ ಬೂಟಿಗೆ ಕೆಳಗ ಅಟ್ಟಿ ಹಚ್ಚಿ ಎತ್ತರ ಮಾಡಿ ಕೊಡ್ತೀನಿ ಅಂತ ಕೊಪ್ಪಳದಾಗ ಒಬ್ಬ ಒಪ್ಪ್ಯಾನ. ನಾ ಕೊಪ್ಪಳಕ್ಕ ಬಂದು ನಿಂತಿರ್ತೀನಿ, ನಿಮ್ಮ ಗಾಡ್ಯಾಗ ಹತ್ತಿಸ್ಕೋರಿ. ನನ್ನ ಕಾಲಿಂದು ನಾ ಹುಡುಕ್ಕೋತೀನಿ."

ಅವನು ಆ ಮಾಲಿನಲ್ಲಿ, ಅತ್ತೆ ಮತ್ತು ನೆಗೆಣ್ಣಿಯ ಎದುರು, ನೆಲದ ಮೇಲೆ ಕೂತು ಎಡಗಾಲಿನ ಚಪ್ಪಲಿ ಬಿಚ್ಚಿ ಒಂದೊಂದೇ ಬೂಟು ಹಾಕಿ ನೋಡುವುದು ನನ್ನ ಕಣ್ಣಿಗೆ ಬಂತು.

"ಗಾಡ್ಯಾಗ ಜಾಗಿಲ್ಲೋ ತಮ್ಮಾ" ಎಂದೆ.

"ಆತು ಬಿಡು. ಕಡ್ಡಿ ಕೊಡ್ತೀನಿ. ನೀನಾ ನೋಡಿ ತಾ. ನಿನಗ ಗೊತ್ತಿರಲಾರದ್ದೇನೈತಿ."

ಏಳು ಸೀಟಿನ ಬಾಡಿಗೆ ಗಾಡಿ. ಬೆಳಿಗ್ಗೆ ನಾವು ಕೊಪ್ಪಳ ಮುಟ್ಟುವ ಹೊತ್ತಿಗೆ ಅವನು ಇರಕಲ್ಲಗಡದಿಂದ ಮೊದಲ ಬಸ್ಸಿಗೆ ಬಂದು ರಸ್ತೆಯ ಬದಿ ನಿಂತಿದ್ದ. ಕೈಯಲ್ಲಿ ಅವ್ವ ಮಾಡಿ ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿ. ಅದನ್ನು ಕಿಟಕಿಯಿಂದ ಒಳಗೆ ಕೊಟ್ಟು, ಜೇಬಿನಿಂದ ಎರಡು ಕಡ್ಡಿ ತೆಗೆದು ನನಗಷ್ಟೇ ಕೇಳುವಂತೆ ಹೇಳಿದ. "ಉದ್ದಂದು ಬಲಗಾಲಿಂದು. ಕೆಂಪು ದಾರ ಕಟ್ಟಿದ್ದು ಎಡಗಾಲಿಂದು. ಬಣ್ಣ ಯಾವುದಾದ್ರೂ ನಡೀತೈತಿ, ಎರಡೂ ಕರಿ ಸಿಕ್ರ ಛಲೋ."

ಆಗ ಅವನ ಕಣ್ಣು ನನ್ನ ಪಕ್ಕದ ಸೀಟಿಗೆ ಹೋಯಿತು. ಅಲ್ಲಿ ನಮ್ಮ ಬುತ್ತಿಯ ಗಂಟು, ನೀರಿನ ಕ್ಯಾನು ಕೂತಿದ್ದವು.

ಹಿಂದಿನಿಂದ ಅತ್ತೆ ಬಗ್ಗಿ ನೋಡಿದರು. "ಯಾಕಪಾ ಅಲ್ಲೇ ನಿಂತಿ? ನೀನೂ ಬಾ. ಬುತ್ತಿ ಕೆಳಗಿಟ್ರ ಜಾಗ ಆಗ್ತೈತಿ."

ತಮ್ಮ ನನ್ನನ್ನು ನೋಡಿದ. ನಾನು ಕಡ್ಡಿಗಳನ್ನು ಸೆರಗಿಗೆ ಗಂಟು ಹಾಕುತ್ತಿದ್ದೆ.

"ಇಲ್ರಿ ಅಮ್ಮಾರ, ಅಂಗಡಿ ತೆರಿಬೇಕು. ಗಿರಾಕಿ ಕಾಯ್ತಿರ್ತಾರ" ಎಂದ. ಆಮೇಲೆ ನನಗೆ, "ಬುತ್ತಿ ಭಾಳ ಕಟ್ಟೀರಿ ಅಕ್ಕಾ" ಎಂದು ನಕ್ಕ. ಗಾಡಿ ಹೊರಟಿತು. ಹಿಂದೆ ತಿರುಗಿ ನೋಡಿದಾಗ ಅವನು ಮೊಣಕಾಲ ಮೇಲೆ ಕೈಯಿಟ್ಟು ರಸ್ತೆ ದಾಟಲು ಲಾರಿಗಳು ಹೋಗುವುದನ್ನು ಕಾಯುತ್ತಿದ್ದ.

ಮಾಲು ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಸುತ್ತ ಬಯಲು, ಹತ್ತಿಯ ಹೊಲ, ನಡುವೆ ಗಾಜಿನ ಕಟ್ಟಡ. ಬಾಗಿಲಲ್ಲಿ ಒಬ್ಬ ನಮ್ಮ ಚೀಲಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದ. ಬುತ್ತಿ ಒಳಗೆ ಬಿಡಲಿಲ್ಲ.

"ಚೀಲದ ಬಾಯಿ ಕಟ್ಟೂದು ನಮಗ ಕಲಸ್ತಾನ ಇಂವಾ. ನಮ್ಮದು ಅದಾ ಧಂದೆ" ಎಂದರು ಅತ್ತೆ.

ಓಡುವ ಮೆಟ್ಟಿಲ ಹತ್ತಿರ ಅತ್ತೆ ನಿಂತುಬಿಟ್ಟರು. "ಇದು ನಿಂದ್ರಲಿ, ನಿಂತ ಮ್ಯಾಲೆ ಹತ್ತತೀನಿ." ನೆಗೆಣ್ಣಿ, "ಅದು ರಾತ್ರಿ ನಿಂದರತೈತ್ರಿ ಅತ್ತಿ, ಅಲ್ಲೀತನಕ ನೀವು ಇಲ್ಲೇ ಕುಂದರ್ರಿ" ಎಂದು ನಗಿಸಿದಳು. ಮೊಮ್ಮಕ್ಕಳಿಬ್ಬರೂ ಅಜ್ಜಿಯ ಎರಡು ರಟ್ಟೆ ಹಿಡಿದು ಎತ್ತಿಯೇ ಹತ್ತಿಸಿದರು. ಮೇಲೆ ಹೋದಮೇಲೆ ಅತ್ತೆಗೆ ಅದು ಹಿಡಿಸಿಬಿಟ್ಟಿತು. ಮತ್ತೆ ಇಳಿದು, ಮತ್ತೆ ಹತ್ತಿದರು. ಆವತ್ತು ನಾವೆಲ್ಲ ಬಹಳ ನಕ್ಕೆವು. ಆ ನಗು ಸುಳ್ಳಲ್ಲ, ಅದನ್ನೂ ಹೇಳಬೇಕು.

ನೆಗೆಣ್ಣಿ ಮಕ್ಕಳ ಬಟ್ಟೆ ನೋಡುತ್ತಿದ್ದಾಗ ನಾನು ಹೊರಗೆ ಜಾರಿದೆ. ಬೂಟಿನ ಅಂಗಡಿ ಎರಡು ಬಾಗಿಲ ಆಚೆ ಇತ್ತು. ತಮ್ಮ ಹೇಳಿದ್ದು ನಿಜ. ಮೂಲೆಯಲ್ಲಿ ಎದೆಯವರೆಗಿನ ತಂತಿಯ ಬುಟ್ಟಿ, ಅದರ ತುಂಬ ಒಂಟಿ ಬೂಟುಗಳು. ಪ್ರದರ್ಶನಕ್ಕಿಟ್ಟವು, ಜೊತೆಯದು ಕಳೆದವು, ಒಂದು ಕೆಟ್ಟು ಇನ್ನೊಂದು ಉಳಿದವು. ಇವನ್ನು ಯಾರು ಕೊಳ್ಳುತ್ತಾರೆ ಎಂದು ಬೇರೆಯವರು ಅಂದುಕೊಂಡಾರು. ನನಗೆ ಮಾತ್ರ ಆ ಬುಟ್ಟಿಯನ್ನು ನನ್ನ ತಮ್ಮನಿಗೆಂದೇ ಇಟ್ಟಂತೆ ಕಂಡಿತು.

ಕೈ ಹಾಕಿ ಕೆದಕಿದೆ. ಎಷ್ಟೋ ಬಲಗಾಲಿನವು ಬಂದವು. ಆಮೇಲೆ ಒಂದು ಕರಿಯ ಲೇಸಿನ ಬೂಟು, ಎಡಗಾಲಿನದು, ಸಣ್ಣದು. ಕೆಂಪು ದಾರದ ಕಡ್ಡಿಯನ್ನು ಒಳಗೆ ಬಿಟ್ಟೆ. ಕಡ್ಡಿ ತುದಿ ಮುಟ್ಟಿ ಹಿಂದೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಬೂಟಿಗೆ ಅಷ್ಟು ಸಡಿಲ ಇರಬೇಕು. ಮೆತ್ತನೆಯ ತೊಗಲು. ಒಳಗೆ ಕೈಯಿಟ್ಟರೆ ಬೆಚ್ಚಗಿತ್ತು. ಇನ್ನು ಅಂಥದೇ ಬಲಗಾಲಿನದು ದೊಡ್ಡದೊಂದು ಸಿಕ್ಕರೆ ಆಯಿತು ಎಂದು ನಾನು ಬುಟ್ಟಿಯೊಳಗೆ ಅರ್ಧ ಬಗ್ಗಿದ್ದೆ.

"ಯಾರಿಗ್ರಿ ಮೇಡಂ?" ಅಂಗಡಿಯ ಹುಡುಗಿ ಬಂದು ನಿಂತಿದ್ದಳು. ನನ್ನ ಕೈಯ ಕಡ್ಡಿ ನೋಡಿ ನಕ್ಕಳು. ಹಂಗಿಸುವ ನಗು ಅಲ್ಲ. "ನಮ್ಮೂರಾಗೂ ಹಿಂಗಾ ತರ್ತಾರ್ರಿ. ಎರಡು ಕಡ್ಡಿ ಅದಾವಲ್ಲ, ಒಬ್ಬರಿಗಾ ಏನ್ರಿ? ಕಾಲು ಹೆಚ್ಚು ಕಮ್ಮಿ ಅದಾವೇನು? ಹೇಳ್ರಿ, ನಾನೂ ಹುಡುಕಿ ಕೊಡ್ತೀನಿ."

ಆಗಲೇ ನೆಗೆಣ್ಣಿ ಮಕ್ಕಳನ್ನು ಕರೆದುಕೊಂಡು ಒಳಗೆ ಬಂದಳು, ಹಿಂದೆ ಅತ್ತೆ. "ತಂಗಿ, ಅದರಾಗೇನು ಕೆದರಾಕತ್ತಿ ಕೋಳಿ ಕೆದರಿದಂಗ?" ಎಂದಳು ನೆಗೆಣ್ಣಿ. ತಮಾಷೆಗೆ ಅಂದದ್ದು. ಎಲ್ಲರ ಕಣ್ಣೂ ನನ್ನ ಕೈಯಲ್ಲಿದ್ದ ಸಣ್ಣ ಬೂಟಿನ ಮೇಲೆ.

ನಾನು ಹುಡುಗಿಗೆ ಹೇಳಿದೆ: "ಒಬ್ಬರಿಗಲ್ಲವಾ, ಇಬ್ಬರಿಗೆ. ಉದ್ದಂದು ತಮ್ಮಂದು. ಸಣ್ಣದು ನನ್ನ ಮಗಂದು."

ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಮೊದಲೇ ಮಾಡಿಟ್ಟುಕೊಂಡಿದ್ದೆನೇನೋ ಅನಿಸಬೇಕು. "ಹಂಗಾದ್ರ ಈ ಕಡೆ ಬರ್ರಿ, ಜೋಡಿ ತೋರಸ್ತೀನಿ" ಎಂದು ಹುಡುಗಿ ಮುಂದೆ ನಡೆದಳು. ಕೈಯಲ್ಲಿದ್ದ ಬೂಟನ್ನು ಬುಟ್ಟಿಯ ಮೇಲೆಯೇ ಇಟ್ಟೆ. ಎಲ್ಲರೂ ಬೇರೆ ಅಂಗಡಿಗೆ ಹೋದಾಗ ಬಂದು ಒಯ್ದರಾಯಿತು ಎಂದುಕೊಂಡೆ. ಬರಲಿಲ್ಲ.

ಉದ್ದ ಕಡ್ಡಿಯ ಅಳತೆಗೆ ಒಂದು ಜೊತೆ ಕರಿಯ ಬೂಟು. ಕೆಂಪು ದಾರದ ಅಳತೆಗೆ ಹುಡುಗರ ಒಂದು ಜೊತೆ, ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ದೀಪ ಮಿಣುಕುವಂಥದು. ಅದನ್ನು ಆರಿಸಿದವರು ನೆಗೆಣ್ಣಿಯ ಮಕ್ಕಳು. "ಕಾಕಿ, ನಿನ್ನ ಮಗ ಕುಣೀತಾನ ನೋಡು" ಅಂದವು. ಅತ್ತೆ ಕಡ್ಡಿ ನೋಡಿ, "ಮಗನ ಕಾಲು ಇಷ್ಟು ಉದ್ದ ಬೆಳದೈತೇನ? ಇರ್ಲಿ, ಬೆಳೆಯೋ ಕಾಲು" ಅಂದರು. 

ಮಧ್ಯಾಹ್ನ ಹೊರಗಿನ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದೆವು. ಅವ್ವನ ಹೋಳಿಗೆಯನ್ನು ಅತ್ತೆ ಎರಡೆರಡು ಸಲ ಹಾಕಿಸಿಕೊಂಡರು. "ನಿಮ್ಮವ್ವನ ಕೈ ಭಾಳ ಛಲೋ ಐತಿ. ಪಾಪ, ಆ ಹುಡುಗ ಬಂದಿದ್ರ ಆಗ್ತಿತ್ತು. ಆ ಓಡೋ ಮೆಟ್ಟಿಲದ ಮ್ಯಾಲೆ ಅವಗ ಕಾಲಿಗೆ ಎಷ್ಟು ಆರಾಮ ಆಗ್ತಿತ್ತು" ಎಂದರು. ನಾನು ಹೋಳಿಗೆ ಕೈಯಲ್ಲಿ ಹಿಡಿದು ಕೂತೆ. ಯಾರಿಗೆ ಹೆದರಿ ಸುಳ್ಳು ಹೇಳಿದ್ದೆನೋ ಅವರೇ ಅವನನ್ನು ನೆನೆಸಿಕೊಳ್ಳುತ್ತಿದ್ದರು. ಆಗಲೂ ಎದ್ದು ಒಳಗೆ ಹೋಗಬಹುದಿತ್ತು. ಬುಟ್ಟಿ ಅಲ್ಲೇ ಇತ್ತು, ಹೊತ್ತೂ ಇತ್ತು. ಇಬ್ಬರಿಗೆ ಎಂದು ಹೇಳಿ ಆಗಿತ್ತು, ಅಷ್ಟೇ. ಹೇಳಿದ ಮಾತಿಗೆ ನಾನೇ ಕಟ್ಟುಬಿದ್ದೆ.

ಪಾಡ್ಯದ ದಿನ ತಮ್ಮ ಆರತಿ ಬೆಳಗಿಸಿಕೊಳ್ಳಲು ನಮ್ಮ ಮನೆಗೆ ಬಂದ. ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಬೆಳಗಿ, ಬೂಟಿನ ಡಬ್ಬಿ ಅವನ ಮುಂದಿಟ್ಟೆ. ಅವನು ಮುಚ್ಚಳ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದ. ಎರಡೂ ಒಂದೇ ಅಳತೆ. ಬಲಗಾಲು ಸರಿಯಾಗಿ ಹೋಯಿತು. ಎಡಗಾಲು ಒಳಗೆ ಅಲ್ಲಾಡಿತು.

"ನೀ ಹೇಳಿದ ಡಬ್ಬ್ಯಾಗ ಸಣ್ಣದು ಸಿಗಲಿಲ್ಲೋ" ಎಂದೆ.

"ಇರ್ಲಿ ಬಿಡಕ್ಕಾ. ಅರಿವಿ ತುರುಕಿದ್ರ ಆತು. ಬಲಗಾಲಿಂದು ಹೆಂಗ ಕುಂತೈತಿ ನೋಡು, ಸಾಹೇಬ ಆಗೀನಿ." ನಿಜವಾಗಿಯೂ ಅವನಿಗೆ ಸಂತೋಷವಾಗಿತ್ತು. ನಾನು ಒಂದು ಹಳೆಯ ಜಂಪರು ಹರಿದು ಮಡಚಿ ಕೊಟ್ಟೆ.

ಅಷ್ಟರಲ್ಲಿ ನನ್ನ ಮಗ ಹೊರಗಿನಿಂದ ಓಡಿ ಬಂದ. ದೀಪದ ಬೂಟು ಅವನಿಗೆ ದೊಡ್ಡದು, ಪ್ರತಿ ಹೆಜ್ಜೆಗೂ ಹಿಮ್ಮಡಿ ಹೊರಗೆ ಬರುತ್ತಿತ್ತು. ಹೊಸ್ತಿಲಲ್ಲಿ ಬಿಚ್ಚಿ ಮಾವನ ತೊಡೆಯ ಮೇಲೆ ಬಿದ್ದ. ತಮ್ಮ ಅವನ ತಲೆ ಸವರುತ್ತ ಆ ಬೂಟುಗಳನ್ನೇ ನೋಡಿದ. ಆಮೇಲೆ ಕುಂಡಿಯ ಮೇಲೆ ಸರಿದು ಹೊಸ್ತಿಲ ಹತ್ತಿರ ಹೋಗಿ, ಎಡಗಾಲಿನದನ್ನು ತೆಗೆದುಕೊಂಡು ತನ್ನ ಪಾದಕ್ಕೆ ಹಾಕಿದ. ಸಲೀಸಾಗಿ ಹೋಯಿತು. ನೆಲಕ್ಕೆ ಊರಿದ. ದೀಪ ಮಿಣುಕಿತು.

"ಅಳಿಯಾ, ನಿನ್ನ ಬೂಟು ನನಗ ಬರಾಕತ್ತೈತಿ ನೋಡು."

"ಅದು ನಂದು ಮಾವಾ."

"ನಿಂದಾ ಬಿಡಪಾ. ನೀ ಬೆಳೀತಿ, ನಿನ್ನ ಕಾಲೂ ಬೆಳೀತೈತಿ. ನಿನಗ ಬೇಕು." ಬಿಚ್ಚಿ, ಎರಡನ್ನೂ ಜೋಡಿಸಿ ಗೋಡೆಗೆ ಇಟ್ಟ. ನನ್ನ ಕಡೆ ನೋಡಲಿಲ್ಲ. ಅವನು ಬೈದಿದ್ದರೆ ನಾನು ಅಳಬಹುದಿತ್ತು, ಎಲ್ಲ ಹೇಳಬಹುದಿತ್ತು. ಅವನು ಊಟಕ್ಕೆ ಕೂತು, ಹೂರಣದ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕು ಎಂದ. ನಾನು ಹಾಕಿದೆ.

ಕುಷ್ಟಗಿಗೆ ಹೋದಾಗ ನಾನೂ ಇದ್ದೆ. ಆಟೋ ಇಳಿದು ಆ ಮನೆಯ ಬಾಗಿಲಿಗೆ ನಡೆಯುವ ದಾರಿಯಲ್ಲಿ ಒಂದು ಗಟಾರ, ಅದರ ಮೇಲೆ ಕಲ್ಲು ಹಾಸಿದ್ದರು. ಕಲ್ಲು ದಾಟುವಾಗ ಅವನ ಎಡಗಾಲಿನ ಬೂಟು ಕಳಚಿ ಹಿಂದೆ ಉಳಿಯಿತು. ಕಾಲು ಮುಂದೆ, ಬೂಟು ಹಿಂದೆ. ಜಂಪರಿನ ತುಂಡು ಬಾಲದಂತೆ ಹೊರಗೆ ಬಂತು. ಹೆಣ್ಣಿನ ಮನೆಯವರು ಬಾಗಿಲಲ್ಲೇ ನಿಂತಿದ್ದರು. ತಮ್ಮ, "ಇದಕ್ಕ ನನಗಿಂತ ನಾಚಿಕಿ ಜಾಸ್ತಿ, ಒಳಗ ಬರಾಕ ಒಲ್ಲೆ ಅಂತೈತಿ" ಎಂದು ತಾನೇ ನಕ್ಕು, ಬಗ್ಗಿ ಅರಿವೆ ತುರುಕಿ ಹಾಕಿಕೊಂಡ. ಕೆಲವರು ನಕ್ಕರು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

ಬೂಟು ಬಾಗಿಲಲ್ಲಿ ಬಿಟ್ಟು ಒಳಗೆ ಕೂತೆವು. ಉಪ್ಪಿಟ್ಟು, ಚಹಾ ಆಯಿತು. ಹುಡುಗಿ ಬಂದು ತಟ್ಟೆ ಇಟ್ಟು ಹೋದಳು. ಗಟ್ಟಿ ಕೈಯ, ಕಡಿಮೆ ಮಾತಿನ ಹುಡುಗಿ. ಹೊರಡುವಾಗ ನೋಡಿದರೆ ತಮ್ಮನ ಬೂಟುಗಳನ್ನು ಯಾರೋ ಹೊರಮುಖ ಮಾಡಿ, ಗೋಡೆಯ ಹತ್ತಿರಕ್ಕೆ ಸರಿಸಿ ಇಟ್ಟಿದ್ದರು. ಅವನು ಗೋಡೆ ಹಿಡಿದು, ತಿರುಗದೆ, ಹಾಗೇ ಕಾಲು ತೂರಿಸಿದ. ಎಡಗಾಲಿನದರಲ್ಲಿ ಅರಿವೆಯನ್ನು ಬೆರಳಿನ ಕಡೆಗೆ ಒತ್ತಿ ಸಮ ಮಾಡಿಟ್ಟಿದ್ದರು. ಮೂರನೆಯ ದಿನ ಒಪ್ಪಿಗೆಯ ಫೋನು ಬಂತು. ಅವ್ವ ಅತ್ತಳು, ನಾನೂ ಅತ್ತೆ.

ತಮ್ಮನ ಮದುವೆಯಾಗಿ ವರ್ಷದ ಮೇಲಾಗಿತ್ತು. ಇರಕಲ್ಲಗಡಕ್ಕೆ ಹೋಗಿದ್ದೆ. ಸಂಜೆ, ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ತಮ್ಮ ಅಂಗಡಿ ಮುಚ್ಚಿ ಬಂದು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅವಳು ಯಾವಾಗಲೂ ಅವನ ಬಗ್ಗೆ ನನ್ನನ್ನು ಕೇಳುತ್ತಿದ್ದಳು. ಸಣ್ಣವರಿದ್ದಾಗ ಏನು ತಿನ್ನುತ್ತಿದ್ದರು, ಯಾವುದಕ್ಕೆ ಸಿಟ್ಟು ಬರುತ್ತದೆ, ಚಳಿಗೆ ಕಾಲು ನೋಯುತ್ತದೆಯೇ. ನಾನು ದೊಡ್ಡವಳಂತೆ ಹೇಳುತ್ತಿದ್ದೆ.

ಆವತ್ತು ನಾನು ನಗುತ್ತ ಕೇಳಿದೆ. "ಅಲ್ಲವಾ, ಎಲ್ಲಾರೂ ಒಲ್ಲೆ ಅಂದ್ರು. ನೀ ಹೆಂಗ ಹೂಂ ಅಂದಿ?"

ಅವಳು ರೊಟ್ಟಿ ತಿರುಗಿಸುತ್ತ ಹೇಳಿದಳು. "ನೋಡಾಕ ಬಂದ ದಿನ ಬಾಗಲದಾಗ ಇವರ ಬೂಟು ನೋಡಿದ್ನಿರಿ. ಒಂದರಾಗ ಹಳೀ ಜಂಪರಿನ ಅರಿವಿ ತುರುಕಿತ್ತು. ಎರಡೂ ಬಲಗಾಲಿನ ಅಳತಿವಾ. ಯಾರೋ ಇವರ ಕಾಲು ನೋಡದಾ ತಂದಾರ ಅನಿಸ್ತು. ಬೆಳೆಯೋ ಹುಡುಗ್ರ ಬೂಟಿಗೂ ಎರಡು ಸಲ ನೋಡ್ತಾರ ಮಂದಿ. ಈ ಮನಷ್ಯಾನ್ನ ನೋಡೋರು ಮನ್ಯಾಗ ಯಾರೂ ಇಲ್ಲ, ನಾನಾರ ನೋಡ್ಕೋಬೇಕು ಅನ್ಕೊಂಡ್ನಿ. ಅಷ್ಟಾರಿ ಅಕ್ಕಾರ."

ಬೆಳ್ಳುಳ್ಳಿ ನನ್ನ ಕೈಯಲ್ಲೇ ಉಳಿಯಿತು. ಬಗಲಲ್ಲಿ ಹೊತ್ತು ತಿರುಗಿದ್ದು, ತಣ್ಣನೆಯ ಪಾದವನ್ನು ಅಂಗೈಯಲ್ಲಿ ಮುಚ್ಚಿದ್ದು, ಎಲ್ಲ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಲು ನನಗೆ ಈಗ ಯಾವ ಹಕ್ಕಿತ್ತು?

ಪಡಸಾಲೆಯಿಂದ ತಮ್ಮ ಕೂಗಿದ. "ಯಾರೋ ಏನು, ಅಕ್ಕನಾ ತಂದಿದ್ಲು. ಅಕಿದೇನು ತಪ್ಪಿಲ್ಲ. ನಾನಾ ಒಂದಾ ಕಡ್ಡಿ ಕೊಟ್ಟು ಕಳಿಸಿದ್ದೆ. ಎಡಗಾಲಿಂದು ಮರ್ತಿದ್ದೆ."

ಅವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯ, ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನನಗೇನು ಗೊತ್ತು."

ತಮ್ಮ ನನಗೊಂದು ದಾರಿ ಮಾಡಿ ಕೊಟ್ಟಿದ್ದ. ಅದರಲ್ಲಿ ನಡೆದುಹೋದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ನಾನು ಅದರಲ್ಲೇ ನಿಂತೆ, ಅದೂ ನಿಜ.

"ಎರಡೂ ಕೊಟ್ಟಿದ್ದ" ಎಂದೆ. "ಎಡಗಾಲಿಂದಕ್ಕ ದಾರ ಕಟ್ಟಿ ಕೊಟ್ಟಿದ್ದ. ಸರಿಯಾದ್ದು ನನ್ನ ಕೈಗೂ ಸಿಕ್ಕಿತ್ತು. ನಾನಾ ತರಲಿಲ್ಲ."

"ಅಕ್ಕಾ, ಇರ್ಲಿ ಬಿಡು" ಎಂದ ತಮ್ಮ.

ಅವಳು ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. "ಯಾಕ್ರಿ?"

"ನಾಚಿಕಿ ಬಂತವಾ. ಅವನ ಕಾಲು ಹಿಂಗೈತಿ ಅಂತ ಮಂದಿ ಮುಂದ ಹೇಳಾಕ ನಾಚಿಕಿ ಬಂತು." ಮಾಲು, ಬುಟ್ಟಿ, ನೆಗೆಣ್ಣಿ, ಮಗನದು ಎಂದು ಹೇಳಿದ್ದು, ಗಾಡಿಯಲ್ಲಿ ಜಾಗವಿದ್ದದ್ದು, ಎಲ್ಲ ಹೇಳಿದೆ. ಹಂಚಿನ ಮೇಲಿನ ರೊಟ್ಟಿ ಸೀದಿತು. ಅದನ್ನು ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ಹಾಕಿದಳು. ತಮ್ಮ ಒಳಗೆ ಬಂದು, "ಹಸಿವಾಗೈತಿ, ನಿಮ್ಮ ಪುರಾಣ ಮುಗೀತೇನು?" ಎಂದು ನನ್ನ ಪಕ್ಕದಲ್ಲೇ ಕೂತ. ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು. ಸರಿಸಲಿಲ್ಲ. ನನ್ನ ಕೈಯ ಬೆಳ್ಳುಳ್ಳಿ ತೆಗೆದುಕೊಂಡು ತಾನೇ ಬಿಡಿಸತೊಡಗಿದ.

ಅವಳು ನನಗೂ ಬಿಸಿ ರೊಟ್ಟಿ ಹಾಕಿದಳು, ಬೆಣ್ಣೆಯನ್ನೂ ಇಟ್ಟಳು. ಮಾತು ಬಿರುಸಾಗಲಿಲ್ಲ. ಇವತ್ತಿಗೂ ಹೋದರೆ ಒಳ್ಳೆಯ ಚಾಪೆ, ಒಳ್ಳೆಯ ತಟ್ಟೆ. ಆದರೆ ಆ ಸಂಜೆಯ ಮೇಲೆ ಅವಳು ನನ್ನ ತಮ್ಮನ ಬಗ್ಗೆ ನನ್ನನ್ನು ಏನೂ ಕೇಳಿಲ್ಲ. ಅವಳೇ ಹೇಳುತ್ತಾಳೆ. ಚಳಿಗೆ ಕಾಲು ನೋಯುವುದು ರಾತ್ರಿಯಲ್ಲ, ಬೆಳಗಿನ ಜಾವ. ಮೆಟ್ಟಿಲು ಇಳಿಯುವಾಗ ಕೈ ಕೊಡಬಾರದು, ಪಕ್ಕದಲ್ಲಿ ನಿಂತರೆ ಸಾಕು. ಇವು ನನಗೆ ಗೊತ್ತಿರಲಿಲ್ಲ. ನಾನು ಹೂಂ ಅನ್ನುತ್ತ ಕೇಳಿಸಿಕೊಳ್ಳುತ್ತೇನೆ.